ಊರು ಬಿಡುವ ಮೊದಲು ಮೇಲ್ ಸರ್ವರ್

ತಮ್ಮಾ, ಕುಮಟೆಯ ಸೊಸೈಟಿಯವರು ನಿನ್ನನ್ನು ಕರೆದು, "ನಮ್ಮ ಹೆಸರಿನದೇ ಇ-ಮೇಲ್ ಬೇಕು, ಬ್ರೌಸರ್‌ನಲ್ಲೇ ತೆರೆಯುವ ಹಾಗಿರಲಿ, ಖರ್ಚು ಕಡಿಮೆಯಾಗಲಿ" ಅಂದಿದ್ದಾರೆ. ನೀನು ಆಗಲೇ ನಾಲ್ಕು ವೆಬ್‌ಮೇಲ್‌ಗಳ ಚಿತ್ರ ಹಿಡಿದು ಬಂದು ಯಾವುದು ಚೆಂದ ಎಂದು ಕೇಳುತ್ತಿದ್ದೀಯ. ಚೆಂದದ ಮಾತು ಆಮೇಲೆ. ಇನ್ನೆರಡು ವರ್ಷ ಊರಲ್ಲಿ ಇರುತ್ತೀಯಾ, ಅದನ್ನು ಮೊದಲು ಹೇಳು.

ಇದು ಕುಹಕವಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1980ರಲ್ಲಿ. ಅಂದಿನಿಂದ ನಮ್ಮ ಕಡೆ ಕಲಿತವರಿಗೆ ಬರವಿಲ್ಲ, ಉಳಿದವರಿಗೆ ಬರ. ಭಟ್ಕಳದವರು ದುಬೈಗೆ, ಹೊನ್ನಾವರ-ಕುಮಟೆಯವರು ಬೆಂಗಳೂರಿಗೆ. ಹೋಗುವುದು ತಪ್ಪಲ್ಲ, ಸರ್ವರ್‌ನ ಪಾಸ್‌ವರ್ಡನ್ನು ತಲೆಯಲ್ಲೇ ಇಟ್ಟುಕೊಂಡು ಹೋಗುವುದು ತಪ್ಪು. ಹಾಗಾಗಿ ನಿನ್ನ ನಂತರ ಬರುವ ಹುಡುಗಿಗೋ ಹುಡುಗನಿಗೋ ಅರ್ಥವಾಗುವ ತಂತ್ರಾಂಶವನ್ನೇ ಆರಿಸು.

ನನ್ನ ಕೇಳಿದರೆ ರೌಂಡ್‌ಕ್ಯೂಬ್. 2005ರಿಂದ ಬೆಳೆದು ಬಂದದ್ದು, 2023ರಲ್ಲಿ ನೆಕ್ಸ್ಟ್‌ಕ್ಲೌಡ್ ಜೊತೆ ಸೇರಿದೆ, ಪಿಎಚ್‌ಪಿ ಬಲ್ಲವರು ಯಾರಾದರೂ ಸಂಭಾಳಿಸಬಲ್ಲರು. ಹಗುರದ್ದೇ ಬೇಕೆಂದರೆ ಸ್ನ್ಯಾಪಿಮೇಲ್ ನೋಡು. ಹಳೆಯ ಸ್ಕ್ವಿರಲ್‌ಮೇಲ್ ಇನ್ನೂ ಎಲ್ಲಾದರೂ ಓಡುತ್ತಿದ್ದರೆ ಇವತ್ತೇ ಇಳಿಸು. ಅದರ ಕೊನೆಯ ಸ್ಥಿರ ಆವೃತ್ತಿ ಬಂದದ್ದು 2011ರಲ್ಲಿ. "ಓಡುತ್ತಿದೆಯಲ್ಲ, ಯಾಕೆ ಮುಟ್ಟಬೇಕು" ಎಂಬುದು ನಮ್ಮ ಆಫೀಸುಗಳ ಮೂಲಮಂತ್ರ. ಮೇಲ್ ವಿಷಯದಲ್ಲಿ ಅದು ನಡೆಯುವುದಿಲ್ಲ.

ಯಾಕೆ ಅಂತ ಕೇಳು. 2025ರ ಜೂನ್ ಮೊದಲಲ್ಲಿ ರೌಂಡ್‌ಕ್ಯೂಬ್‌ನವರು ಒಂದು ದೊಡ್ಡ ತೂತು ಮುಚ್ಚಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಕೂತಿದ್ದದ್ದು, ತೀವ್ರತೆಯ ಅಂಕ 10ಕ್ಕೆ 9.9. ಸರ್ವರ್‌ನಲ್ಲಿ ತನಗೆ ಬೇಕಾದ ಆಜ್ಞೆ ಓಡಿಸಲು ಕಳ್ಳನಿಗೆ ಬೇಕಿದ್ದದ್ದು ಯಾವುದಾದರೂ ಒಂದು ಖಾತೆಯ ಲಾಗಿನ್, ಅಷ್ಟೆ. ಅಧ್ಯಕ್ಷರ ಖಾತೆಯೇ ಆಗಬೇಕೆಂದಿಲ್ಲ. ಕೌಂಟರಿನಲ್ಲಿ ಕೂತವರು ಊರಿನ ಹೆಸರಿನ ಮುಂದೆ 123 ಸೇರಿಸಿ ಮಾಡಿಕೊಂಡ ಪಾಸ್‌ವರ್ಡ್ ಸಾಕಿತ್ತು. ಪರಿಹಾರ 1.6.11 ಮತ್ತು 1.5.10 ಆವೃತ್ತಿಗಳಲ್ಲಿ ಬಂತು. ಕೆಲವೇ ದಿನಗಳಲ್ಲಿ ಆ ತೂತಿನ ಮೇಲೆ ದಾಳಿಯೂ ಶುರುವಾಯಿತು. ಮೇ ತಿಂಗಳಲ್ಲಿ ಒಡೆದ ಹಂಚು ಬದಲಾಯಿಸದ ಮನೆಗೆ ಜೂನ್‌ನಲ್ಲಿ ಏನಾಗುತ್ತದೋ ಅಪ್‌ಡೇಟ್ ಹಾಕದ ಸರ್ವರ್‌ಗೂ ಅದೇ ಗತಿ.

ಇನ್ನು ಹಾಕುವಾಗ. ರೌಂಡ್‌ಕ್ಯೂಬ್‌ನ ಕಡತಗಳಲ್ಲಿ 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ ಫೋಲ್ಡರ್ ಇದೆ. ವೆಬ್ ಸರ್ವರ್‌ಗೆ ಅದನ್ನು ಮಾತ್ರ ತೋರಿಸು, ಇಡೀ ಮನೆಯನ್ನಲ್ಲ. ಇಲ್ಲದಿದ್ದರೆ ಡೇಟಾಬೇಸ್ ಪಾಸ್‌ವರ್ಡ್ ಇರುವ ಸಂರಚನಾ ಕಡತವೂ ಲಾಗ್‌ಗಳೂ ಹೊರಗಿನವರ ಕೈಗೆ ಸಿಕ್ಕಬಹುದು. ಕೆಲಸ ಮುಗಿದ ಮೇಲೆ ಇನ್‌ಸ್ಟಾಲರ್ ಫೋಲ್ಡರ್ ಅಳಿಸು. ಮತ್ತೆ, ಪತ್ರಗಳು ವೆಬ್‌ಮೇಲ್‌ನಲ್ಲಿ ಇರುವುದಿಲ್ಲ, ಹಿಂದಿರುವ ಮೇಲ್ ಸರ್ವರ್ ಡವ್‌ಕಾಟ್‌ನಲ್ಲಿರುತ್ತವೆ. ವಿಳಾಸಪುಸ್ತಕ, ಸಹಿ, ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ. ಬ್ಯಾಕಪ್ ಎರಡರದ್ದೂ ಬೇಕು. ವರ್ಷಕ್ಕೊಮ್ಮೆಯಾದರೂ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡು.

ಕನ್ನಡವನ್ನೂ ಪರೀಕ್ಷಿಸು. ವಿಷಯದ ಸಾಲಲ್ಲಿ "ಹೊನ್ನಾವರ ಶಾಖೆಯ ವಾರ್ಷಿಕ ಸಭೆ" ಎಂದು ಬರೆದು, ಕನ್ನಡ ಹೆಸರಿನ ಪಿಡಿಎಫ್ ಲಗತ್ತಿಸಿ ಜಿಮೇಲ್‌ಗೆ ಕಳಿಸು, ಅಲ್ಲಿಂದ ಉತ್ತರ ತರಿಸು. ಆಮೇಲೆ "ಹೊನ್ನಾವರ" ಎಂದು ಹುಡುಕಿದರೆ ಸಿಗುತ್ತದೆಯೇ ನೋಡು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಯಾರಾದರೂ ಅಂಟಿಸಿದರೆ ಕಲಸುಮೇಲೋಗರ ಬರುತ್ತದೆ, ಆಗ ನಿನ್ನ ಸರ್ವರನ್ನೇ ಬೈಯುತ್ತಾರೆ. ಸಿಟ್ಟಾಗಬೇಡ, ಯುನಿಕೋಡ್‌ಗೆ ಬದಲಿಸುವುದನ್ನು ಕೂತು ಹೇಳಿಕೊಡು.

ಯಂತ್ರವನ್ನು ಆಫೀಸಿನ ಮೂಲೆಯಲ್ಲಿ ಇಡುವ ಆಸೆ ಬಿಡು. ನಮ್ಮ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಲೈನ್ ಹೋದರೆ ಹೆಸ್ಕಾಂನವರಾದರೂ ಏನು ಮಾಡುತ್ತಾರೆ? ಮುಂಬೈಯಲ್ಲೋ ಬೆಂಗಳೂರಲ್ಲೋ ಡೇಟಾ ಸೆಂಟರ್ ಇರುವವರಿಂದ ಬಾಡಿಗೆಗೆ ತಗೊ. ದುಡ್ಡು ಕಟ್ಟುವ ಮೊದಲು 25ನೇ ಪೋರ್ಟ್ ತೆರೆಯುತ್ತಾರೆಯೇ, ರಿವರ್ಸ್ ಡಿಎನ್‌ಎಸ್ ಕೊಡುತ್ತಾರೆಯೇ ಎಂದು ಕೇಳು. ಮೇಲ್ ನಿಜವಾಗಿ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳನ್ನು ನೇರ ಮಾಡು. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ; ಇವಿಲ್ಲದಿದ್ದರೆ ಸೊಸೈಟಿಯ ನೋಟೀಸು ಸದಸ್ಯರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ.

ಕಾನೂನೂ ಇದೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಇಡಬೇಕು, ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ನಡುರಾತ್ರಿ ಆ ಕೆಲಸ ಮಾಡುವವರು ಯಾರು ಎಂದು ಆಡಳಿತ ಮಂಡಳಿಯನ್ನು ಮೊದಲೇ ಕೇಳಿಬಿಡು.

ಉತ್ತರ ಬರದಿದ್ದರೆ ಸ್ವಂತ ಸರ್ವರ್ ಬೇಡ ಎಂದು ನೇರವಾಗಿ ಹೇಳು, ತಿಂಗಳ ಲೆಕ್ಕದ ಮೇಲ್ ಸೇವೆ ಕೊಡಿಸು. ಕೇಂದ್ರ ಸರ್ಕಾರವೇ ತನ್ನ ಸುಮಾರು 12 ಲಕ್ಷ ನೌಕರರ ಮೇಲನ್ನು ಜೊಹೊಗೆ ಒಯ್ದಿರುವಾಗ ಕುಮಟೆಯ ಸೊಸೈಟಿಗೆ ಅದರಲ್ಲಿ ಅವಮಾನವೇನಿಲ್ಲ. ಯಾವ ದಾರಿ ಹಿಡಿದರೂ ಡೊಮೈನನ್ನು ಮಾತ್ರ ಸಂಸ್ಥೆಯ ಹೆಸರಲ್ಲೇ, ಸಂಸ್ಥೆಯ ಫೋನ್ ನಂಬರಿನಲ್ಲೇ ನೋಂದಾಯಿಸು, ನಿನ್ನ ಹೆಸರಲ್ಲಿ ಬೇಡ.