ಪುರ ಗ್ರಾಮದ ಅನಿಲಸ್ಥಾವರ ಕಲಿಸಿದ ಪಾಠ

ನವೀಕರಿಸಬಹುದಾದ ಇಂಧನದ ಉದ್ಯಮಕ್ಕೆ ಯಂತ್ರದಷ್ಟೇ ಅರಿವಿನ ವಿನಿಮಯವೂ ಬಂಡವಾಳವಾಗಿದೆ. ಶೆಟ್ಟಿಹಳ್ಳಿಗೆ ಹೆಚ್ಚು ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯದ ಸಗಣಿ ಅನಿಲಸ್ಥಾವರವನ್ನು ಕಟ್ಟಿತು.

ಅಡುಗೆಗೆಂದು ಕೊಟ್ಟ ಅನಿಲವು ಎಲ್ಲ ಮನೆಗಳಿಗೂ ಸಾಲದೆ ಯೋಜನೆ ಸೊರಗಿತು. ವಿಜ್ಞಾನಿಗಳು ಗ್ರಾಮಸ್ಥರೊಡನೆ ಕುಳಿತು ವಿಚಾರಿಸಿದಾಗ, ಊರಿಗೆ ಮೊದಲು ಬೇಕಾದುದು ಕುಡಿಯುವ ನೀರೆಂದು ತಿಳಿಯಿತು. 1987ರಿಂದ ಅದೇ ಅನಿಲವು ಡೀಸೆಲಿನೊಡನೆ ಎಂಜಿನ್ನನ್ನು ನಡೆಸಿ ವಿದ್ಯುತ್ತನ್ನು ಒದಗಿಸಿತು. ನಲ್ಲಿಗಳಿಗೆ ನೀರು ಬಂದಿತು, ಮನೆಗಳಲ್ಲಿ ದೀಪ ಬೆಳಗಿತು. ಊರಿನ ಯುವಕರೇ ಕೆಲಸ ಕಲಿತು ಸ್ಥಾವರವನ್ನು ನಡೆಸಿದರು. ಸಗಣಿ ತಂದವರಿಗೆ ಹಣವೂ ಗೊಬ್ಬರವೂ ದೊರೆತವು. ಮನೆಗಳಿಂದ ಶುಲ್ಕವೂ ಸಂದಾಯವಾಯಿತು.

ಕಾಲಾಂತರದಲ್ಲಿ ಆ ಸ್ಥಾವರ ನಿಂತುಹೋದರೂ ಅದರ ಪಾಠ ಇಂದಿನ ಸೌರೋದ್ಯಮಕ್ಕೂ ಸಲ್ಲುತ್ತದೆ: ಬಳಸುವವರ ಅರಿವನ್ನು ಕೇಳಿ ತಿಳಿಯದ, ತನ್ನ ಅರಿವನ್ನು ಅವರಿಗೆ ಹಂಚದ ಉದ್ಯಮವು ಬಾಳಲಾರದು.