ಬರೆಯುವವರು ಹಲವರು, ಅಳಿಸುವವರು ಯಾರು? ಹಿರಿಯರ ಮಾತ್ರೆಗಳ ಬಗ್ಗೆ ಒಂದು ಪಾಠ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಬ್ಯಾಂಕ್ ರೀಕಾನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಕಲಿತಿದ್ದೇವೆ. ಕ್ಯಾಶ್ ಬುಕ್ ಒಂದು ಬಾಕಿ ತೋರಿಸುತ್ತದೆ, ಪಾಸ್ ಬುಕ್ ಇನ್ನೊಂದು ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದಕ್ಕೇ ಟಿಕ್ ಹಾಕುತ್ತಾ ಹೋದರೆ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯುತ್ತದೆ. ವೈದ್ಯಶಾಸ್ತ್ರದಲ್ಲೂ ಇದೇ ಹೆಸರಿನ ಒಂದು ಕೆಲಸವಿದೆ. ಅದು ಮೆಡಿಕೇಷನ್ ರೀಕಾನ್ಸಿಲಿಯೇಷನ್. ವೈದ್ಯರು ಬರೆದ ಚೀಟಿಗಳನ್ನೂ ರೋಗಿ ನಿಜವಾಗಿ ನುಂಗುತ್ತಿರುವ ಮಾತ್ರೆಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಹಾಗೆ ನೋಡಿದ ಮೇಲೆ ಬೇಡವಾದ ಮಾತ್ರೆಯನ್ನು ವೈದ್ಯರೇ ನಿಧಾನವಾಗಿ ಕಡಿಮೆ ಮಾಡುವುದಕ್ಕೆ ಡಿಪ್ರಿಸ್ಕ್ರೈಬಿಂಗ್ ಎನ್ನುತ್ತಾರೆ. ಈ ಪದವನ್ನು 2003ರಲ್ಲಿ ಆಸ್ಟ್ರೇಲಿಯಾದ ವೈದ್ಯ ಮೈಕೆಲ್ ವುಡ್‌ವರ್ಡ್ ತಮ್ಮ ಲೇಖನದಲ್ಲಿ ಬಳಸಿದರು. ಕಾಮರ್ಸ್ ವಿದ್ಯಾರ್ಥಿಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಅಜ್ಜ ಅಜ್ಜಿಯರ ಮಾತ್ರೆಯ ಹೆಸರು ಓದುವವರು ನಾವೇ. ಅದಕ್ಕಾಗಿ ಈ ಪಾಠ.

ಪಟ್ಟಿ ಉದ್ದವಾಗುವುದು ಹೇಗೆ?

ದಿನವೂ 5 ಅಥವಾ ಅದಕ್ಕಿಂತ ಹೆಚ್ಚು ಔಷಧಿ ತೆಗೆದುಕೊಳ್ಳುವುದಕ್ಕೆ ಪಾಲಿಫಾರ್ಮಸಿ ಎಂದು ಹೆಸರು. ಅದು ಯಾವಾಗಲೂ ತಪ್ಪಲ್ಲ. ಶುಗರ್, ಬಿಪಿ, ಹೃದಯದ ಕಾಯಿಲೆ ಮೂರೂ ಇದ್ದವರಿಗೆ 5 ಮಾತ್ರೆ ನಿಜವಾಗಿಯೂ ಬೇಕಾಗಬಹುದು. ಬೇಡದ ಮಾತ್ರೆಗಳು ಅದರೊಳಗೆ ಸೇರಿಕೊಂಡಾಗ ತೊಂದರೆ ಶುರುವಾಗುತ್ತದೆ. ಅವು ಸೇರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ಹಲವು ವೈದ್ಯರು. ಸಿರುಗುಪ್ಪ ಅಥವಾ ಕುರುಗೋಡಿನ ಒಬ್ಬ ಹಿರಿಯರು ಜ್ವರಕ್ಕೆ ಊರಿನ ಡಾಕ್ಟರ ಬಳಿ ಹೋಗುತ್ತಾರೆ, ಮೊಣಕಾಲು ನೋವಿಗೆ ಬಸ್ ಹತ್ತಿ ಬಳ್ಳಾರಿಗೆ ಬರುತ್ತಾರೆ, ಎದೆ ನೋವು ಎಂದರೆ ಇನ್ನೂ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಪ್ರತಿ ಕಡೆಯೂ ಹೊಸ ಚೀಟಿ. ಹಳೆಯ ಚೀಟಿ ಮನೆಯ ಬೀರುವಿನಲ್ಲಿ.

ಎರಡನೆಯದು, ಮುಗಿಯುವ ದಿನಾಂಕ ಇಲ್ಲದಿರುವುದು. 15 ದಿನಕ್ಕೆ ಎಂದು ಬರೆದ ಗ್ಯಾಸ್ ಮಾತ್ರೆ ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪ್‌ನಲ್ಲಿ ಮತ್ತೆ ಸಿಗುತ್ತದೆ. ನೋವಿದ್ದಾಗ ಮಾತ್ರ ಎಂದು ಹೇಳಿದ್ದು ದಿನವೂ ಎಂದಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಇನ್ನೊಂದು ಮಾತ್ರೆ ಕೊಡುವುದು. 1990ರ ದಶಕದಲ್ಲಿ ಪೌಲಾ ರೋಷನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು ಇದನ್ನು ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್ ಎಂದು ಕರೆದರು. ಒಂದರ ಹಿಂದೆ ಒಂದು ಬರುವ ಮಾತ್ರೆಗಳ ಸರಪಳಿ ಎನ್ನಬಹುದು.

ನಮ್ಮ ಮನೆಯ ಪಟ್ಟಿ

ನಮ್ಮ ಮನೆಮಾತು ಉರ್ದು. ಅಪ್ಪನ ತಾಯಿಯನ್ನು ನಾವು ದಾದಿ ಎನ್ನುತ್ತೇವೆ. ಕನ್ನಡದಲ್ಲಿ ದಾದಿ ಎಂದರೆ ನರ್ಸ್ ಎಂದು ಗೊತ್ತಾದ ದಿನ ಅವರು ಬಹಳ ನಕ್ಕಿದ್ದರು. ಅವರಿಗೆ ಈಗ 72 ವರ್ಷ. ಕಳೆದ ವರ್ಷ ದಿನಕ್ಕೆ 11 ಬಗೆಯ ಮಾತ್ರೆ ನುಂಗುತ್ತಿದ್ದರು. "ಇತ್ತೆ ಗೋಲಿಯಾಂ ಖಾಯೆತೋ ಖಾನಾ ಕೈಕು?" ಎನ್ನುತ್ತಿದ್ದರು. ಇಷ್ಟು ಮಾತ್ರೆ ತಿಂದ ಮೇಲೆ ಊಟ ಯಾಕೆ ಎಂದು ಅರ್ಥ. ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತಿತ್ತು. ಎರಡು ಸಲ ಬಚ್ಚಲುಮನೆಯಲ್ಲಿ ಬಿದ್ದರು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಅಬ್ಬಾ ಹೆದರಿದ್ದು ಅದಕ್ಕೇ.

ಅವರ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಾವು ಹತ್ತಿರದ ಒಬ್ಬರೇ ವೈದ್ಯರ ಬಳಿ ಹೋದೆವು. ಅವರು ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಯಾವುದು ಯಾವಾಗ ಶುರುವಾಯಿತು ಎಂದು ಕೇಳುತ್ತಾ ಸಾಲಾಗಿ ಜೋಡಿಸಿದರು. ಆಗ ಸರಪಳಿ ಕಣ್ಣಿಗೆ ಕಂಡಿತು.

ಬಿಪಿಗೆ ಅಮ್ಲೋಡಿಪಿನ್ ಇತ್ತು. ಅದು ಕೆಲವರಿಗೆ ಪಾದದ ಊತ ತರುತ್ತದೆ. ಮೊಣಕಾಲಿಗೆ ದಿನವೂ ನುಂಗುತ್ತಿದ್ದ ನೋವಿನ ಮಾತ್ರೆ ಆ ಊತವನ್ನೂ ಬಿಪಿಯನ್ನೂ ಹೆಚ್ಚಿಸುತ್ತದೆ. ಊತಕ್ಕೆಂದು ಮತ್ತೊಬ್ಬರು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಬರೆದರು. ಅದರಿಂದ ರಾತ್ರಿ ನಾಲ್ಕು ಸಲ ಏಳಬೇಕಾಯಿತು. ನಿದ್ದೆ ಇಲ್ಲ ಎಂದು ಹೇಳಿದಾಗ ಆಲ್‌ಪ್ರಜೋಲಾಮ್ ಬಂತು. ಅದರ ಮಂಪರು ಬೆಳಿಗ್ಗೆಯೂ ಉಳಿದು ತಲೆ ತಿರುಗಿದಾಗ ತಲೆಸುತ್ತಿನ ಮಾತ್ರೆ ಬಂತು. ಇದರ ಜೊತೆಗೆ ಎರಡು ಗ್ಯಾಸ್ ಮಾತ್ರೆಗಳು ಬೇರೆ. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ, ಒಳಗೆ ಎರಡೂ ಪ್ಯಾಂಟೊಪ್ರಜೋಲ್. ಬರೆದವರು ಯಾರೂ ಮನಸ್ಸಿಗೆ ಬಂದಂತೆ ಬರೆದವರಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಔಷಧಿ ಕೊಟ್ಟರು. ಪೂರ್ತಿ ಪಟ್ಟಿ ಮಾತ್ರ ಯಾರ ಮುಂದೆಯೂ ಇರಲಿಲ್ಲ.

ವೈದ್ಯರು ಎಲ್ಲವನ್ನೂ ಒಂದೇ ದಿನ ನಿಲ್ಲಿಸಲಿಲ್ಲ. ಮೊದಲು ಎರಡನೇ ಗ್ಯಾಸ್ ಮಾತ್ರೆ ಹೋಯಿತು. ಆಮೇಲೆ ನೋವಿನ ಮಾತ್ರೆ ಬದಲು ಬಿಸಿ ಶಾಖ ಮತ್ತು ಬೇಕಾದಾಗ ಮಾತ್ರ ಪ್ಯಾರಾಸಿಟಮಾಲ್. ಅಮ್ಲೋಡಿಪಿನ್ ಪ್ರಮಾಣ ಅರ್ಧವಾಯಿತು, ಬಿಪಿಯನ್ನು ವಾರವಾರ ನೋಡಿದರು. ಊತ ಇಳಿದ ಮೇಲೆ ನೀರಿನ ಮಾತ್ರೆ ನಿಂತಿತು. ಆಲ್‌ಪ್ರಜೋಲಾಮ್ ಅನ್ನು ಹಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಕೊನೆಗೆ ತಲೆಸುತ್ತಿನ ಮಾತ್ರೆಯೇ ಬೇಡವಾಯಿತು. ಎಲ್ಲವೂ ಸಲೀಸಾಗಿ ಆಗಲಿಲ್ಲ. ಉಳಿದ ಗ್ಯಾಸ್ ಮಾತ್ರೆ ನಿಲ್ಲಿಸಿದ ಮೂರನೇ ದಿನ ಎದೆಯುರಿ ಜೋರಾಗಿ ಮರಳಿತು, ಅದನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಕೊಟ್ಟರು. ನಾಲ್ಕು ತಿಂಗಳಲ್ಲಿ 11 ಇದ್ದದ್ದು 6 ಆಯಿತು. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳು ಉಳಿದಿವೆ. ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಆದರೆ ದಾದಿ ಆಮೇಲೆ ಬಿದ್ದಿಲ್ಲ.

ವಯಸ್ಸಾದವರಿಗೆ ಏಕೆ ಬೇರೆ ಲೆಕ್ಕ?

ವಯಸ್ಸಾದಂತೆ ಮೂತ್ರಪಿಂಡದ ಕೆಲಸ ನಿಧಾನವಾಗುತ್ತದೆ. ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಅಂಶ ಹೆಚ್ಚುತ್ತದೆ. ಹೀಗಾಗಿ ಕೆಲವು ಔಷಧಿಗಳು ದೇಹದಿಂದ ಬೇಗ ಹೊರಗೆ ಹೋಗುವುದಿಲ್ಲ. 40 ವರ್ಷದವರಿಗೆ ಸರಿಯಾದ ಪ್ರಮಾಣ 75 ವರ್ಷದವರಿಗೆ ಹೆಚ್ಚಾಗಬಹುದು.

ಬಳ್ಳಾರಿಯವರಿಗೆ ಇನ್ನೊಂದು ಮಾತಿದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ, ನೀರಿನ ಮಾತ್ರೆ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಈ ಮೂರೂ ಒಟ್ಟಿಗೆ ಇದ್ದರೆ ಮೂತ್ರಪಿಂಡಕ್ಕೆ ಅಪಾಯ. ಬೆವರು, ವಾಂತಿ, ಭೇದಿಯಿಂದ ದೇಹದ ನೀರು ಕಡಿಮೆಯಾದಾಗ ಆ ಅಪಾಯ ಮತ್ತೂ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಈ ಮೂರನ್ನೂ ತೆಗೆದುಕೊಳ್ಳುವ ಹಿರಿಯರಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ರಂಜಾನ್ ಉಪವಾಸಕ್ಕೂ ಇದು ಸಂಬಂಧಿಸಿದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಗಳು ಹೊಟ್ಟೆ ಖಾಲಿ ಇದ್ದಾಗ ಶುಗರ್ ಅನ್ನು ತೀರಾ ಇಳಿಸಬಹುದು. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಉಪವಾಸ ಇರಬಹುದೇ, ಇರುವುದಾದರೆ ಮಾತ್ರೆಯ ಸಮಯ ಮತ್ತು ಪ್ರಮಾಣ ಏನು ಎಂದು ಕೇಳಬೇಕು. ಉಪವಾಸ ಇಲ್ಲದವರಿಗೂ ಅಷ್ಟೇ. ಬಹಳ ನಿಶ್ಶಕ್ತರಾದ ಹಿರಿಯರಲ್ಲಿ ಶುಗರ್ ಅನ್ನು ಯುವಕರಷ್ಟು ಬಿಗಿಯಾಗಿ ಹಿಡಿಯುವುದು ಒಳ್ಳೆಯದಲ್ಲ ಎಂದೇ ಇಂದಿನ ವೈದ್ಯರು ಹೇಳುತ್ತಾರೆ.

ಜಗತ್ತಿನಲ್ಲಿ ಏನಾಗಿದೆ?

1991ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು ಹಿರಿಯರಿಗೆ ಸಾಮಾನ್ಯವಾಗಿ ಸೂಕ್ತವಲ್ಲದ ಔಷಧಿಗಳ ಪಟ್ಟಿ ಮಾಡಿದರು. ಬಿಯರ್ಸ್ ಪಟ್ಟಿ ಎಂದೇ ಅದು ಪ್ರಸಿದ್ಧ. 2023ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಲಾಯಿತು. ಆಲ್‌ಪ್ರಜೋಲಾಮ್ ಜಾತಿಯ ನಿದ್ದೆ ಮಾತ್ರೆಗಳು, ದೀರ್ಘಕಾಲದ ನೋವಿನ ಮಾತ್ರೆಗಳು, ಕಾರಣವಿಲ್ಲದೆ 8 ವಾರ ಮೀರಿದ ಗ್ಯಾಸ್ ಮಾತ್ರೆಗಳು ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದ ಹಾನಿಯಾಗದಂತೆ ತಡೆಯುವ ಅಭಿಯಾನ ಆರಂಭಿಸಿತು. ಅದು ಆರಿಸಿಕೊಂಡ ಮೂರು ಮುಖ್ಯ ವಿಷಯಗಳಲ್ಲಿ ಪಾಲಿಫಾರ್ಮಸಿ ಒಂದು. ಔಷಧಿ ಶುರು ಮಾಡುವಾಗ, ತೆಗೆದುಕೊಳ್ಳುವಾಗ, ಹೊಸದು ಸೇರಿಸುವಾಗ, ಪರಿಶೀಲಿಸುವಾಗ, ನಿಲ್ಲಿಸುವಾಗ ಹೀಗೆ ಐದು ಹೊತ್ತಿನಲ್ಲಿ ಪ್ರಶ್ನೆ ಕೇಳಿ ಎಂದು ಅದು ರೋಗಿಗಳಿಗೆ ಹೇಳಿತು. ನಿಲ್ಲಿಸುವುದೂ ಚಿಕಿತ್ಸೆಯ ಒಂದು ಭಾಗ ಎಂಬುದನ್ನು ಗಮನಿಸಿ.

ನಮ್ಮ ದೇಶದಲ್ಲಿ ಎರಡು ಮೂರು ಔಷಧಿ ಸೇರಿಸಿ ಮಾಡಿದ ಮಾತ್ರೆಗಳು ಬಹಳ. ಇವುಗಳಲ್ಲಿ ಸರಿಯಾದ ಆಧಾರವಿಲ್ಲದ 344 ಮಿಶ್ರಣಗಳನ್ನು ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಕೋರ್ಟಿನಲ್ಲಿ ವಾದ ನಡೆದ ಮೇಲೆ 2018ರಲ್ಲಿ 328 ಮಿಶ್ರಣಗಳ ಮೇಲೆ ಮತ್ತೆ ಆದೇಶ ಬಂತು. 2024ರ ಆಗಸ್ಟ್‌ನಲ್ಲಿ ಇನ್ನೂ 156 ಸೇರಿದವು. ಆದ್ದರಿಂದ ಮಾತ್ರೆ ಎಷ್ಟು ಎಂದು ಎಣಿಸಿದರೆ ಸಾಲದು, ಒಂದು ಮಾತ್ರೆಯೊಳಗೆ ಎಷ್ಟು ಔಷಧಿ ಇದೆ ಎಂದೂ ಎಣಿಸಬೇಕು.

ನಾವೇ ನಿಲ್ಲಿಸಬಾರದು

ಈ ಲೇಖನ ಓದಿ ಯಾರೂ ಮನೆಯಲ್ಲಿ ಮಾತ್ರೆ ನಿಲ್ಲಿಸಬೇಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ನಿದ್ದೆ ಮಾತ್ರೆ, ಮೂರ್ಛೆರೋಗದ ಮಾತ್ರೆ, ಬಹುಕಾಲದ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಮಾತ್ರೆಗಳೂ ಹಾಗೆಯೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್ ತಪ್ಪಿಸಿದರೆ ಜೀವಕ್ಕೇ ಕುತ್ತು. ಯಾವುದು ಬೇಕು, ಯಾವುದು ಬೇಡ, ಯಾವ ವೇಗದಲ್ಲಿ ಇಳಿಸಬೇಕು ಎಂಬ ತೀರ್ಮಾನ ವೈದ್ಯರದು.

ನಮ್ಮ ಕೆಲಸ ಏನು?

ಲೆಕ್ಕ ಸರಿಯಾಗಿ ಇಡುವುದು ನಮ್ಮ ಕೆಲಸ. ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ.

1. ಡಬ್ಬಿ ಅಥವಾ ಸ್ಟ್ರಿಪ್ ಮೇಲಿನ ಕಂಪನಿ ಹೆಸರು.
2. ಅದರ ಹತ್ತಿರ ಸಣ್ಣ ಅಕ್ಷರದಲ್ಲಿರುವ ಔಷಧಿಯ ನಿಜವಾದ ಹೆಸರು ಮತ್ತು ಮಿಲಿಗ್ರಾಂ.
3. ಯಾವ ಕಾಯಿಲೆಗೆ.
4. ಯಾರು ಬರೆದರು, ಯಾವ ತಿಂಗಳು.
5. ಎಷ್ಟು ದಿನಕ್ಕೆ ಎಂದು ಹೇಳಿದ್ದರು.

ಎರಡನೇ ಕಾಲಂನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಗುರುತು ಹಾಕಿ. ಮೂರನೇ ಕಾಲಂ ಖಾಲಿ ಉಳಿದರೆ ಅಲ್ಲೂ ಗುರುತು ಹಾಕಿ. ಹಕೀಮರ ಮಾಜೂನ್, ಆಯುರ್ವೇದದ ಚೂರ್ಣ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಯಾವುದನ್ನೂ ಬಿಡಬೇಡಿ. ಆಮೇಲೆ ಹಾಳೆಯನ್ನೂ ಮಾತ್ರೆಗಳ ಚೀಲವನ್ನೂ ಒಬ್ಬರೇ ವೈದ್ಯರ ಬಳಿ ಒಯ್ಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆ ಅಥವಾ ನಿಮ್ಮ ಕುಟುಂಬದ ಡಾಕ್ಟರ್, ಯಾರಾದರೂ ಸರಿ. ಜನ ಕಡಿಮೆ ಇರುವ ಹೊತ್ತು ಯಾವುದೆಂದು ಮೊದಲೇ ಕೇಳಿಕೊಂಡು ಹೋಗಿ, ಏಕೆಂದರೆ ಈ ಕೆಲಸಕ್ಕೆ ಸಮಯ ಬೇಕು. ಅಲ್ಲಿ ಮರ್ಯಾದೆಯಿಂದ ಹೀಗೆ ಕೇಳಿ: "ಸರ್, ಇವೆಲ್ಲವೂ ಇವರಿಗೆ ಇನ್ನೂ ಬೇಕಾ? ಯಾವುದನ್ನಾದರೂ ಕಡಿಮೆ ಮಾಡಬಹುದಾ? ಕಡಿಮೆ ಮಾಡಿದರೆ ನಾವು ಏನು ಗಮನಿಸಬೇಕು?"

ನಮ್ಮ ಮನೆಯ ತಿಂಗಳ ಔಷಧಿ ಬಿಲ್ 2,300 ರೂಪಾಯಿ ಇದ್ದದ್ದು ಈಗ 1,250 ಆಗಿದೆ. ಕಾಮರ್ಸ್‌ನವರಿಗೆ ಈ ಉಳಿತಾಯ ಮೊದಲು ಕಾಣುತ್ತದೆ. ಆದರೆ ದಾದಿ ಲೆಕ್ಕ ಹಾಕುವುದು ಬೇರೆ ರೀತಿ. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬರುತ್ತೇನೆ, ಅಷ್ಟು ಸಾಕು ಎನ್ನುತ್ತಾರೆ. ನಮ್ಮ ಹಿರಿಯರಲ್ಲಿ ಬಹಳ ಜನ ಉರ್ದು ಓದಬಲ್ಲರು, ಕನ್ನಡ ಮಾತನಾಡಬಲ್ಲರು. ಸ್ಟ್ರಿಪ್ ಮೇಲಿರುವುದು ಮಾತ್ರ ಇಂಗ್ಲಿಷ್. ಆ ಸಣ್ಣ ಅಕ್ಷರ ಓದಿ ಬರೆದುಕೊಡಲು ನಮಗೆ ಅರ್ಧ ಗಂಟೆ ಸಾಕು. ಈ ಭಾನುವಾರವೇ ಕುಳಿತು ಆ ಹಾಳೆ ತಯಾರು ಮಾಡಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ