ಕಿತ್ತ ಡಾಂಬರಿಗೂ ಲೆಕ್ಕವಿದೆ

ಮಗಳೇ, ನಿನ್ನ ಹೆಸರಿಗೆ ಮೊದಲ ರಸ್ತೆ ಬಂದಿದೆ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ತುಂಬ ಸಂತೋಷವಾಯಿತು. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಒಂದು ಕಿಲೋಮೀಟರ್ ಉದ್ದ, 7 ಮೀಟರ್ ಅಗಲ, 40 ಮಿಲಿಮೀಟರ್ ಹೊಸ ಡಾಂಬರು. ಕಾಗದದ ಮೇಲೆ ನೋಡಿದರೆ ಸಣ್ಣ ಕೆಲಸವೇ. ಆದರೆ ದೊಡ್ಡಪ್ಪ ರಸ್ತೆ ಕೆಲಸದಲ್ಲೇ ತಲೆ ನರೆಸಿಕೊಂಡವನು. ಅದಕ್ಕೇ ಎಸ್ಟಿಮೇಟು ಕೈ ಬಿಟ್ಟು ಹೋಗುವ ಮೊದಲೇ ಹೇಳುತ್ತಿದ್ದೇನೆ. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ತೆಗೆಸು. ತೆಗೆದದ್ದನ್ನು ಬಿಸಾಡಲು ಬಿಡಬೇಡ. ಈ ಎರಡೂ ಎಸ್ಟಿಮೇಟಿನಲ್ಲೇ ಬರೆದಿರಬೇಕು. ಬರೆಯದೆ ಬಿಟ್ಟದ್ದನ್ನು ಆಮೇಲೆ ಯಾರೂ ಮಾಡುವುದಿಲ್ಲ.

ಹಳೆಯದರ ಮೇಲೇ ಹಾಕಿಬಿಡುವುದು ಸುಲಭ. ಗುಡಿಸಿ, ಅಂಟಿಗೆ ಟ್ಯಾಕ್ ಕೋಟ್ ಹೊಡೆದು, ಪೇವರ್ ಓಡಿಸಿ, ರೋಲರ್ ಹೊಡೆದರೆ ಬೆಳಗಾಗುವಷ್ಟರಲ್ಲಿ ರಸ್ತೆ ಕಪ್ಪಗೆ ಮಿರಮಿರ ಮಿಂಚುತ್ತದೆ. ಓಡಾಡುವವರಿಗೂ ಖುಷಿ, ಮೇಲಿನವರಿಗೂ ಖುಷಿ. ಆದರೆ ಹೀಗೆ ಐದು ಸಲ 40 ಮಿ.ಮೀ. ಹಾಕಿದರೆ ರಸ್ತೆ 200 ಮಿ.ಮೀ. ಏರುತ್ತದೆ. ನಾವು ನಿಲ್ಲಿಸುವ ಕರ್ಬ್ ಕಲ್ಲು ರಸ್ತೆಯಿಂದ ಮೇಲೆ ಕಾಣುವುದು ಸುಮಾರು 150 ಮಿ.ಮೀ. ಅಷ್ಟೇ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿಬಾ. ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಎಷ್ಟೋ ಮನೆಗಳಿಗೆ ಈಗ ರಸ್ತೆಯಿಂದ ಇಳಿದು ಹೋಗಬೇಕು. ಗೇಟಿಗೆ ಅಡ್ಡಲಾಗಿ ಇಟ್ಟಿಗೆಯ ಮೋಟುಗೋಡೆ, ಅದರ ಮೇಲೆ ಸಿಮೆಂಟಿನ ಗಿಲಾವು. ಕಟ್ಟೆಗೆ ತಾಗದಿರಲೆಂದು ಗೇಟಿನ ಬುಡವನ್ನು ಒಂದು ಗೇಣು ಕತ್ತರಿಸಿದ ಗುರುತು. ಮಳೆಗಾಲಕ್ಕೆಂದು ಪಕ್ಕದಲ್ಲೇ ಒತ್ತರಿಸಿಟ್ಟ ಮರಳಿನ ಚೀಲ. ಅದನ್ನೆಲ್ಲ ಆ ಮನೆಯವರು ತಮ್ಮ ಕೈಯಿಂದ ದುಡ್ಡು ಹಾಕಿ ಮಾಡಿಸಿಕೊಂಡಿರುತ್ತಾರೆ. ರಸ್ತೆಯವರ ಯಾವ ಬಿಲ್ಲಿನಲ್ಲೂ ಆ ಖರ್ಚು ಕಾಣುವುದಿಲ್ಲ. ಸರ್ವಿಸಿನ ಉದ್ದಕ್ಕೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ.

ಮೇಲ್ಸೇತುವೆಯ ಮೇಲೆ ಇನ್ನೊಂದು ತಾಪತ್ರಯ. ಪ್ರತಿ ಪದರ ಚದರ ಮೀಟರಿಗೆ ಸುಮಾರು 90 ಕೆ.ಜಿ. ಭಾರ ಹೇರುತ್ತದೆ. ಲಾರಿಯಾದರೆ ಬಂದು ಹೋಗುತ್ತದೆ, ಈ ಭಾರ ಹಗಲೂ ರಾತ್ರಿ ಅಲ್ಲೇ ಕೂತಿರುತ್ತದೆ. ಅಂಡರ್‌ಪಾಸಿನಲ್ಲಿ ಹಾಕಿದರೆ ತಲೆಯ ಮೇಲಿನ ಎತ್ತರ ಕಡಿಮೆಯಾಗುತ್ತದೆ.

ಎತ್ತರ ಒಂದೇ ಕಾರಣವಾಗಿದ್ದರೆ ಹಳ್ಳಿಯ ಕಡೆಯ ರಸ್ತೆಗಳಲ್ಲಿ ಹಳೆಯದನ್ನು ಬಿಟ್ಟುಬಿಡಬಹುದಿತ್ತು. ಆದರೆ ಬಿರುಕು ಬಿಟ್ಟ ಪದರವನ್ನು ಕೆಳಗೆ ಉಳಿಸಿಕೊಂಡು ಮೇಲೆ ಹೊಸದನ್ನು ಹಾಸುವುದು, ಹೊಪ್ಪಳೆ ಎದ್ದ ಗೋಡೆಯನ್ನು ಕೆರೆಯದೆ ಸುಣ್ಣ ಬಳಿದ ಹಾಗೆ. ಕೆಳಗಿನ ಬಿರುಕು ಮೆಲ್ಲಗೆ ಮೇಲಕ್ಕೆ ಏರಿ ಬರುತ್ತದೆ, ಹಳೆಯ ಜಾಗದಲ್ಲೇ ಹಳೆಯ ಗೆರೆ ಮೂಡುತ್ತದೆ. ಆ ಗೆರೆಯಲ್ಲಿ ನೀರು ಇಳಿದರೆ ಮುಂದಿನದು ನಿನಗೆ ಗೊತ್ತೇ ಇದೆ. ಖನ್ನಾ–ಜಸ್ಟೊ ಪುಸ್ತಕ ಓದಿ ಪಾಸಾದವಳು ನೀನು. ಜಸ್ಟೊ ಅವರು ಪಾಠ ಹೇಳಿದ್ದು ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ. ಆ ಪುಸ್ತಕವನ್ನು ಪರೀಕ್ಷೆ ಮುಗಿಯಿತೆಂದು ಅಟ್ಟಕ್ಕೆ ಹಾಕಬೇಡ, ಸೈಟಿಗೆ ಹೋಗುವ ಚೀಲದಲ್ಲಿ ಇಟ್ಟುಕೋ.

ಎಷ್ಟು ಆಳಕ್ಕೆ ಕೀಳಬೇಕು ಎಂಬುದನ್ನು ಆಫೀಸಿನಲ್ಲಿ ಕೂತು ತೀರ್ಮಾನಿಸಬೇಡ. ನಾಲ್ಕಾರು ಕಡೆ ಕೋರ್ ಕತ್ತರಿಸು. ಚಕ್ರ ಹಾಯುವ ಜಾಡಿನಲ್ಲಿ ಒಂದು, ಜಾಡುಗಳ ನಡುವೆ ಒಂದು, ಬಿರುಕಿನ ಮೇಲೆಯೇ ಒಂದು. ಹೊರಬಂದ ಕಪ್ಪು ಉರುಳೆಯನ್ನು ನೀರಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡು. ಮೇಲೆ ಸಣ್ಣ ಜಲ್ಲಿಯ ಪದರ, ಕೆಳಗೆ ದಪ್ಪ ಜಲ್ಲಿಯದು, ಮಧ್ಯೆ ದಾರದಂಥ ಗೆರೆ. ಆ ಗೆರೆ ಕಪ್ಪಗಿದ್ದರೆ ಪದರಗಳು ಕೂಡಿಕೊಂಡಿವೆ. ಮಣ್ಣಿನ ಬಣ್ಣದ್ದಾಗಿದ್ದರೆ, ಗುಡಿಸದೆ ಹಾಕಿದ್ದಾರೆ ಎಂದರ್ಥ. ಎರಡೂ ಕೈಯಲ್ಲಿ ಹಿಡಿದು ತುಸು ತಿರುಚಿದರೆ ಅಲ್ಲೇ ಎರಡು ತುಂಡಾಗಿ ಬರುತ್ತದೆ. ಬಿರುಕು ಮೇಲಿನ ಪದರದಲ್ಲೇ ನಿಂತಿದೆಯೋ, ಬುಡದವರೆಗೂ ಇಳಿದಿದೆಯೋ ಎಂದೂ ಅದರಲ್ಲೇ ಕಾಣುತ್ತದೆ. ಮೇಲಷ್ಟೇ ಇದ್ದರೆ ಮಿಲ್ಲಿಂಗ್, ಅಂದರೆ ಆ ಪದರವನ್ನು ಮಷೀನಿನಿಂದ ಕೆರೆದು ತೆಗೆಯುವುದು, ಸಾಕು. ಮೊಸಳೆಯ ಚರ್ಮದಂತೆ ಒಡೆದು, ಜಾಡು ಕುಸಿದು, ಬುಡದಿಂದ ಕೆಸರು ಚಿಮ್ಮುತ್ತಿದ್ದರೆ ಮಿಲ್ಲಿಂಗಿನಿಂದ ಏನೂ ಆಗದು. ಅಷ್ಟು ಜಾಗವನ್ನು ಪೂರ್ತಿ ಅಗೆದು, ಕೆಳಗಿನ ಜಲ್ಲಿಯ ಹಾಸನ್ನೇ ಸರಿಮಾಡಬೇಕು. ಪೈಪು ಸೋರುತ್ತಿದೆಯೇ ಎಂದು ಜಲಮಂಡಳಿಯವರನ್ನು ಕರೆದು ನೋಡಿಸಬೇಕು.

ಹೊಸಬರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ವಿಷಯವಿದೆ. ಕೋರಿನಲ್ಲಿ ಮೇಲಿನ ಪದರ 50 ಮಿ.ಮೀ. ಇದೆ ಎಂದುಕೋ. ಎಸ್ಟಿಮೇಟಿನಲ್ಲಿ 40 ಎಂದಿದೆಯಲ್ಲ ಎಂದು ನೀನು 40ಕ್ಕೇ ನಿಲ್ಲಿಸಿದರೆ 10 ಮಿ.ಮೀ.ನ ಹಪ್ಪಳದಂಥ ತೆಳು ಚೂರು ಉಳಿಯುತ್ತದೆ. ಹೊಸ ಡಾಂಬರು ಆ ಚೂರಿಗೆ ಭದ್ರವಾಗಿ ಅಂಟಿಕೊಂಡರೂ ಚೂರು ಕೆಳಗಿನದಕ್ಕೆ ಅಂಟಿರುವುದಿಲ್ಲ. ಮೊದಲ ಮಳೆಗಾಲದಲ್ಲೇ ತಟ್ಟೆ ತಟ್ಟೆಯಾಗಿ ಎದ್ದು ಬರುತ್ತದೆ. ಪದರಗಳು ಕೂಡುವ ಗೆರೆಯನ್ನು ದಾಟಿ ಒಂದಿಷ್ಟು ಕೆಳಗೆ ಹೋಗಿ ನಿಲ್ಲಬೇಕು.

ಮಿಲ್ಲಿಂಗ್ ಮಷೀನು ನೀನು ನೋಡಿದ್ದೀಯ. ಹೊಟ್ಟೆಯಡಿಯಲ್ಲಿ ತಿರುಗುವ ಡ್ರಮ್, ಅದರ ಸುತ್ತ ಸುರುಳಿಯಾಗಿ ಕೂರಿಸಿದ ಹಲ್ಲುಗಳು, ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್. ಹಲ್ಲು ಕಾಯದಂತೆ, ಧೂಳು ಏಳದಂತೆ ನೀರು ಸಿಂಪಡಿಸುತ್ತ ಹೋಗುತ್ತದೆ. ಕಿತ್ತದ್ದು ಬೆಲ್ಟಿನ ಮೇಲೆ ಏರಿ ಮುಂದಿನ ಟಿಪ್ಪರಿಗೆ ಬೀಳುತ್ತದೆ. ಮಷೀನು ದಾಟಿಹೋದ ಮೇಲೆ ಕೂತು ಆ ನೆಲದ ಮೇಲೆ ಅಂಗೈ ಆಡಿಸು. ಗೀರುಗಳೆಲ್ಲ ಒಂದೇ ಆಳಕ್ಕೆ, ಒಂದೇ ಅಂತರಕ್ಕೆ ಸಿಗಬೇಕು. ನಡುವೆ ಎಲ್ಲಾದರೂ ಉದ್ದಕ್ಕೆ ಏಣು ಎದ್ದಿದ್ದರೆ ಅಲ್ಲೊಂದು ಹಲ್ಲು ಸವೆದಿದೆ ಅಥವಾ ಮುರಿದಿದೆ. ಆಪರೇಟರನಿಗೆ ಹೇಳಿ ಬದಲಾಯಿಸು. ಅವನ ಹತ್ತಿರ ಮರ್ಯಾದೆಯಿಂದ ಮಾತಾಡು, ಮಷೀನಿನ ವಿಷಯ ನಮಗಿಂತ ಅವನಿಗೇ ಹೆಚ್ಚು ಗೊತ್ತು. ಮ್ಯಾನ್‌ಹೋಲ್, ವಾಲ್ವ್ ಪೆಟ್ಟಿಗೆಗಳನ್ನು ಹಿಂದಿನ ದಿನವೇ ಬಣ್ಣ ಹಚ್ಚಿ ಗುರುತು ಮಾಡಿರು. ಹಳೆಯ ಡಾಂಬರಿನಡಿ ಹೂತುಹೋದ ಮುಚ್ಚಳಗಳೂ ಇರುತ್ತವೆ. ಬೀದಿಯ ಹಳೆಯ ನಿವಾಸಿಗಳನ್ನು ಕೇಳಿದರೆ ಇಂಥ ಕಡೆ ಇದೆ ಎಂದು ತೋರಿಸುತ್ತಾರೆ.

ಕಿತ್ತ ಮೇಲೆ ಗೀರಿನ ಸಂದಿಗಳಲ್ಲಿ ನುಣ್ಣನೆಯ ಪುಡಿ ಕೂತಿರುತ್ತದೆ. ಪೊರಕೆ ಸಾಲದು. ಯಂತ್ರದ ಬ್ರಷ್ಷು, ಆಮೇಲೆ ಕಂಪ್ರೆಸರಿನ ಗಾಳಿ ಬೇಕು. ಪುಡಿಯ ಮೇಲೆ ಹೊಡೆದ ಟ್ಯಾಕ್ ಕೋಟ್ ಪುಡಿಯನ್ನು ಹಿಡಿಯುತ್ತದೆಯೇ ಹೊರತು ರಸ್ತೆಯನ್ನು ಹಿಡಿಯುವುದಿಲ್ಲ. ಟ್ಯಾಕ್ ಕೋಟಿನ ಎಮಲ್ಷನ್ ಸಿಂಪಡಿಸಿದಾಗ ಕಂದು ಬಣ್ಣ ಇರುತ್ತದೆ, ನೀರು ಬಿಟ್ಟ ಮೇಲೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಪೇವರ್ ಹತ್ತಿಸಲು ಬಿಡಬೇಡ, ಯಾರು ಎಷ್ಟೇ ಅವಸರಪಡಿಸಲಿ.

ಇನ್ನು ಟಿಪ್ಪರಿಗೆ ಬಿದ್ದ ಮಾಲಿನ ಮಾತು. ನಿನ್ನ ಒಂದು ಕಿಲೋಮೀಟರನ್ನೇ ಲೆಕ್ಕ ಹಾಕು. 40 ಮಿ.ಮೀ. ಕಿತ್ತರೆ 280 ಘನ ಮೀಟರ್, ಅಂದರೆ ಹೆಚ್ಚುಕಡಿಮೆ 640 ಟನ್. ಅದರಲ್ಲಿ ನೂರಕ್ಕೆ 5ರಂತೆ ಹಿಡಿದರೂ 32 ಟನ್ ಬಿಟುಮಿನ್ ಇದೆ. ಉಳಿದದ್ದೆಲ್ಲ ಕ್ವಾರಿಯಲ್ಲಿ ಒಡೆದು, ಜರಡಿ ಹಿಡಿದು, ಲಾರಿಯಲ್ಲಿ ಹೇರಿ ತಂದ ಗಟ್ಟಿ ಜಲ್ಲಿ. ಬಿಟುಮಿನ್ ಬರುವುದು ಕಚ್ಚಾತೈಲದಿಂದ, ಕಚ್ಚಾತೈಲದ ಬಹುಪಾಲನ್ನು ನಮ್ಮ ದೇಶ ಹೊರಗಿನಿಂದ ಕೊಳ್ಳುತ್ತದೆ. ಜಲ್ಲಿಗಾಗಿ ಬೆಂಗಳೂರಿನ ಸುತ್ತಲ ಗುಡ್ಡಗಳು ಕರಗುತ್ತಿರುವುದನ್ನು ನೀನೇ ಕಣ್ಣಾರೆ ಕಂಡಿದ್ದೀಯ. ಇಂಥ 640 ಟನ್ನನ್ನು ರಾತ್ರೋರಾತ್ರಿ ಯಾವುದೋ ಖಾಲಿ ಸೈಟಿಗೋ ಕೆರೆಯಂಗಳಕ್ಕೋ ಸುರಿದು ಬರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಸರ್ಕಾರದ ಸ್ವತ್ತು. ಎಷ್ಟು ಲೋಡ್ ಹೋಯಿತು, ಎಲ್ಲಿ ಇಳಿಯಿತು, ತೂಕ ಎಷ್ಟು ಎಂದು ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆ. ಅದರ ಬೆಲೆಯನ್ನು ಎಸ್ಟಿಮೇಟಿನಲ್ಲಿ ಕಳೆದು ತೋರಿಸು.

ಹಳೆಯ ಮಾಲನ್ನು ಮತ್ತೆ ಬಳಸುವುದೆಲ್ಲ ನಮ್ಮಲ್ಲಿ ನಡೆಯುವುದಿಲ್ಲ ಎನ್ನುವವರು ಸಿಗುತ್ತಾರೆ. 1973ರ ತೈಲ ಬಿಕ್ಕಟ್ಟಿನಲ್ಲಿ ಬೆಲೆ ಗಗನಕ್ಕೇರಿದ ಮೇಲೆ ಅಮೆರಿಕದವರು ಹಳೆಯ ಡಾಂಬರನ್ನು ಹೊಸ ಮಿಶ್ರಣಕ್ಕೆ ಸೇರಿಸುವ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡರು. ಜಪಾನಿನಲ್ಲಿ ಈಗ ಇಂಥ ಮಿಶ್ರಣದಲ್ಲಿ ಸರಾಸರಿ ಅರ್ಧದ ಹತ್ತಿರ ಹಳೆಯ ಮಾಲೇ ಇರುತ್ತದೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆಂದೇ 2015ರಲ್ಲಿ ಐಆರ್‌ಸಿ 120 ಎಂಬ ಕೈಪಿಡಿ ತಂದಿದೆ. ಕೋಡ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅದನ್ನು ತೆಗೆದು ಮೇಜಿನ ಮೇಲೆ ಇಡು.

ಹಾಗಂತ ಹಳೆಯ ಮಾಲನ್ನು ಕಣ್ಣು ಮುಚ್ಚಿ ಸುರಿಯುವಂತಿಲ್ಲ. ವರ್ಷಗಟ್ಟಲೆ ಬಿಸಿಲು, ಗಾಳಿ ತಿಂದ ಬಿಟುಮಿನ್ ಗಡಸಾಗಿರುತ್ತದೆ, ಬಾಗುವ ಬದಲು ಬಿರಿಯುತ್ತದೆ. ಹಳೆಯ ಮಾಲಿನಿಂದ ಬಿಟುಮಿನ್ ಬೇರ್ಪಡಿಸಿ, ಅದು ಎಷ್ಟು ಗಡಸಾಗಿದೆ, ಮಾಲಿನಲ್ಲಿ ಎಷ್ಟಿದೆ, ಉಳಿದ ಜಲ್ಲಿ ಯಾವ ಯಾವ ಗಾತ್ರದ್ದು ಎಂದು ಲ್ಯಾಬಿನಲ್ಲಿ ನೋಡಿಸಲೇಬೇಕು. ಗಡಸುತನ ಹೆಚ್ಚಿದ್ದರೆ ಜೊತೆಗೆ ಸೇರಿಸುವ ಹೊಸ ಬಿಟುಮಿನ್ ಮೆದುವಾದದ್ದಿರಬೇಕು. ವಿಜಿ 30 ದರ್ಜೆಯ ಬದಲು ವಿಜಿ 10, ಇಲ್ಲವೇ ಮೆದುಗೊಳಿಸುವ ಎಣ್ಣೆ.

ರಾಶಿ ಹಾಕುವುದರಲ್ಲೇ ಅರ್ಧ ಕೆಲಸ ಇದೆ. ಮೇಲಿನ ಪದರದ್ದು ಬೇರೆ, ಕೆಳಗಿನ ದಪ್ಪ ಜಲ್ಲಿಯದು ಬೇರೆ, ಅಂಚಿನ ಮಣ್ಣು, ಕಾಂಕ್ರೀಟ್ ಚೂರು ಬೆರೆತದ್ದು ಬೇರೆ. ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿದರೆ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬಲಾಗದು. ನೆಲ ಗಟ್ಟಿಯಾಗಿ, ಒಂದು ಕಡೆಗೆ ಇಳಿಜಾರಾಗಿರಲಿ. ಮೇಲೆ ತಗಡಿನ ಸೂರಿರಲಿ, ಪಕ್ಕಗಳು ತೆರೆದಿರಲಿ. ಪ್ಲಾಸ್ಟಿಕ್ ಹೊದಿಸಿ ಬಿಗಿದರೆ ಒಳಗಿನ ತೇವ ಹೊರಗೆ ಹೋಗುವುದೇ ಇಲ್ಲ. ಒದ್ದೆ ಮಾಲು ಪ್ಲಾಂಟಿನಲ್ಲಿ ಡೀಸೆಲ್ ಕುಡಿಯುತ್ತದೆ. ಕಾದ ಮಧ್ಯಾಹ್ನ ರಾಶಿಯಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಡು. ಉಂಡೆ ಕಟ್ಟಿ ನಿಂತಿದೆಯೋ, ಪುಡಿಪುಡಿಯಾಗಿ ಉದುರುತ್ತದೆಯೋ ನೋಡು. ಉದುರಿದರೆ ಬಿಟುಮಿನ್ ಒಣಗಿಹೋಗಿರಬಹುದು, ಇಲ್ಲವೇ ಮಣ್ಣು ಬಹಳ ಸೇರಿರಬಹುದು. ಇದು ಲ್ಯಾಬಿನ ಪರೀಕ್ಷೆಗೆ ಬದಲಿಯಾಗದು, ಆದರೆ ಯಾವ ರಾಶಿಯಿಂದ ಮೊದಲು ಸ್ಯಾಂಪಲ್ ಎತ್ತಬೇಕು ಎಂದು ನಿನಗೆ ಗೊತ್ತಾಗುತ್ತದೆ.

ಪ್ಲಾಂಟಿನಲ್ಲಿ ಹಳೆಯ ಮಾಲಿಗೆ ನೇರವಾಗಿ ಬೆಂಕಿ ತಾಗಬಾರದು. ಹೊಸ ಜಲ್ಲಿಯನ್ನು ಮಾಮೂಲಿಗಿಂತ ಹೆಚ್ಚು ಕಾಯಿಸಿ, ಆ ಬಿಸಿಯಲ್ಲೇ ಹಳೆಯದು ಕರಗುವಂತೆ ಮಾಡಬೇಕು. ಚಿಮಣಿಯಿಂದ ನೀಲಿ ಹೊಗೆ ಬಂದರೆ ಬಿಟುಮಿನ್ ಉರಿಯುತ್ತಿದೆ, ನಿಲ್ಲಿಸು. ಹಾಗೆ ಬಿಸಿ ಮಾಡಲು ಪ್ಲಾಂಟ್ ಇಲ್ಲವೆಂದರೆ ತಣ್ಣಗಿನ ದಾರಿಯೂ ಇದೆ. ಕಾದ ಬಿಟುಮಿನ್‌ಗೆ ಒಂದಿಷ್ಟು ತಣ್ಣೀರು ಚಿಮುಕಿಸಿದರೆ ಅದು ನೊರೆಯೆದ್ದು ಹತ್ತು ಪಟ್ಟು ಉಬ್ಬುತ್ತದೆ. ಆ ನೊರೆಯಲ್ಲಿ ಹಳೆಯ ಮಾಲನ್ನು ತಣ್ಣಗಿರುವಾಗಲೇ ಕಲಸಿ ಕೆಳಗಿನ ಪದರಕ್ಕೆ ಹಾಸಬಹುದು. 1950ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಚಾನ್ಯಿ ಎಂಬ ಪ್ರೊಫೆಸರು ತಣ್ಣೀರಿನ ಬದಲು ಹಬೆ ಹಾಯಿಸಿ ಶುರುಮಾಡಿದ ವಿದ್ಯೆ ಇದು. ರಸ್ತೆಯನ್ನೇ ಅಲ್ಲಲ್ಲೇ ಕಾಯಿಸಿ, ಕೆರೆದು, ಕಲಸಿ ಹಾಸುವ ಯಂತ್ರಗಳೂ ಇವೆ. ನಮ್ಮ ಬಡಾವಣೆಯ ರಸ್ತೆಗಳಿಗೆ ಅವು ಬೇಡವೆಂದೇ ನನ್ನ ಅಭಿಪ್ರಾಯ, ತಲೆಯ ಮೇಲೆ ಮಳೆಮರದ ಕೊಂಬೆ, ಪಕ್ಕದಲ್ಲೇ ಕೇಬಲ್ಲು. ಇದ್ಯಾವುದೂ ಆಗದಿದ್ದರೆ ರಸ್ತೆಯಂಚಿಗೋ ಕೆಳಹಾಸಿಗೋ ಬಳಸು. ಆದರೆ ಅದು ಕೊನೆಯ ಆಯ್ಕೆ. 32 ಟನ್ ಬಿಟುಮಿನ್ ಇರುವ ಮಾಲನ್ನು ಬರೀ ಜಲ್ಲಿಯಂತೆ ಬಳಸಿದರೆ ಅದರ ಮುಕ್ಕಾಲು ಬೆಲೆ ಮಣ್ಣುಪಾಲು.

ಕಿತ್ತ ರಸ್ತೆಯನ್ನು ವಾರಗಟ್ಟಲೆ ಹಾಗೇ ಬಿಡುವುದನ್ನು ನಾನು ಸಹಿಸುವುದಿಲ್ಲ, ನೀನೂ ಸಹಿಸಬೇಡ. ಗೀರಿನ ಮೇಲೆ ಸ್ಕೂಟರಿನ ಚಕ್ರ ತನ್ನ ಪಾಡಿಗೆ ಓಲಾಡುತ್ತದೆ. ಕಿತ್ತ ಅಂಚಿನ 40 ಮಿ.ಮೀ. ಗೋಡೆಗೆ ಮುಂದಿನ ಚಕ್ರ ತಾಗಿದರೆ ಹಿಂದೆ ಮಗುವನ್ನು ಕೂರಿಸಿಕೊಂಡ ತಾಯಿ ಬೀಳುತ್ತಾಳೆ. ಮಳೆ ಬಂದರೆ ಅದೇ ಜಾಗ ಕಾಲುವೆಯಾಗಿ ನೀರು ಬುಡಕ್ಕೆ ಇಳಿಯುತ್ತದೆ. ಅದಕ್ಕೇ, ಹಾಟ್ ಮಿಕ್ಸ್ ಯಾವ ರಾತ್ರಿ ಬರುತ್ತದೆ ಎಂದು ಪ್ಲಾಂಟಿನವರು ಖಚಿತವಾಗಿ ಹೇಳುವವರೆಗೆ ಮಿಲ್ಲಿಂಗ್ ಮಷೀನನ್ನು ಟ್ರೇಲರಿನಿಂದ ಇಳಿಸಲು ಬಿಡಬೇಡ. ಒಂದೇ ರಾತ್ರಿಯಲ್ಲಿ ಮುಚ್ಚಲು ಆಗುವಷ್ಟನ್ನೇ ಕೀಳಿಸು. ಅಂಚುಗಳಿಗೆ ಬೆಳಗಾಗುವ ಮೊದಲು ಇಳಿಜಾರು ಕೊಡಿಸು, ಕೆಂಪು ದೀಪ ಇಡಿಸು. ಹೊಸ ಮಾಲು ಬಂದಾಗ ಥರ್ಮಾಮೀಟರನ್ನು ನಿನ್ನ ಕೈಯಲ್ಲೇ ಟಿಪ್ಪರಿನ ಒಳಗೆ ಚುಚ್ಚು. ವಿಜಿ 30 ಆದರೆ ಹಾಸುವಾಗ 140 ಡಿಗ್ರಿಗಿಂತ ಕೆಳಗಿದ್ದ ಲೋಡನ್ನು ವಾಪಸು ಕಳಿಸು. ಹಾಸಿದ್ದು 90 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು.

ಕೋರ್ ಕತ್ತರಿಸುವ ಮೊದಲೇ ರಸ್ತೆಯ ಎರಡೂ ಬದಿಯ ಮನೆಗಳ ಹೊಸ್ತಿಲ ಲೆವೆಲ್ ತೆಗೆಸು. ಲೆವೆಲ್ ಬುಕ್ಕಿನಲ್ಲಿ ಮನೆ ನಂಬರಿನ ಎದುರಿಗೇ ಬರೆದುಕೋ. ಆ ಪುಸ್ತಕ, ಕೋರುಗಳು ಎರಡನ್ನೂ ಭಾನುವಾರ ಮನೆಗೆ ತಾ. ಎಷ್ಟು ಕೀಳಬಹುದು, ಎಷ್ಟು ಹಾಕಬೇಕು ಎಂದು ನಾವಿಬ್ಬರೂ ಕೂತು ಲೆಕ್ಕ ಹಾಕೋಣ. ನಿನ್ನ ದೊಡ್ಡಮ್ಮ ಊಟಕ್ಕೆ ಅಕ್ಕಿರೊಟ್ಟಿ ಮಾಡುತ್ತಾಳಂತೆ.